ವಸ್ತ್ರದ ಕೆಳಗೆ ಅವಳ ಕೈ ಇರಲಿಲ್ಲ

ಎರಡು ಹೋರಿಗಳ ಮುಖ ಎರಡು ಬಣ್ಣದ್ದಾಗಿತ್ತು; ಅದಕ್ಕೆ ದಂಡ ತೆತ್ತವಳು ಒಬ್ಬ ಹೆಂಗಸು. ಲಕ್ಷಣ ಹೇಳಿದ ದಲಾಲನಿಗೆ ಕೂದಲೂ ಕೊಂಕಲಿಲ್ಲ. ತೀರ್ಪು ಕೊಟ್ಟ ಪಂಚರು ಇಂದಿಗೂ ಅದೇ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಾರೆ. ಆಕೆ ಮಾತ್ರ ತನ್ನ ಆಕಳನ್ನು, ದನದ ಮನೆಯನ್ನು, ಕೊನೆಗೆ ತನ್ನ ಕೈಯ ಮೇಲೆ ತನಗಿದ್ದ ನಂಬಿಕೆಯನ್ನು ಕಳೆದುಕೊಂಡಳು. ಹೋದ ಶ್ರಾವಣದಲ್ಲಿ ಆಕೆ ತೀರಿಕೊಂಡಾಗ ಊರಿನಿಂದ ನನಗೆ ಬಂದ ಸುದ್ದಿ, ಜ್ವರ ಬಂದಿತ್ತು ಎಂಬಷ್ಟೇ. ಜ್ವರದ ಮಾತು ಸುಳ್ಳಲ್ಲ. ಆದರೆ ಹೇಳದೆ ಉಳಿಸಿದ್ದು ಬಹಳವಿದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಕೆ ತನ್ನ ಹೋರಿಗಳನ್ನು ಹಿಡಿದುಕೊಂಡು ನಿಂತ ಯಾವ ಸಂತೆಯಲ್ಲಿಯೂ ಅದನ್ನು ಯಾರೂ ಕೇಳಲಿಲ್ಲ. “ಯಾರ ಮನಿವು?” ಎಂದು ಕೇಳಿದರು, ಒಬ್ಬ ಗಂಡಸಿನ ಹೆಸರನ್ನು ಹೇಳಲಾಯಿತು. ಊರಲ್ಲಿ ಚಿಕ್ಕವರೂ ದೊಡ್ಡವರೂ ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಧಾರವಾಡದಲ್ಲಿ ಮಾಸ್ತರಿಕೆ ಕಲಿತು ಹೊರಬಿದ್ದ ಹೊಸದರಲ್ಲಿ ಯರಗಟ್ಟಿಗೂ ಚಚಡಿಗೂ ನಡುವಿನ ಒಂದು ಹಳ್ಳಿಯ ಕನ್ನಡ ಸಾಲೆಗೆ ನನ್ನನ್ನು ಕಳಿಸಿದರು. ನನಗೆ ಸಿಕ್ಕ ಬಾಡಿಗೆಯ ಕೋಣೆಯ ಬಾಗಿಲು ಆಕೆಯ ಅಂಗಳಕ್ಕೆ ತೆರೆಯುತ್ತಿತ್ತು. ಗಂಡ ಸತ್ತು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಶಿವಪೂಜೆಯ ಒಕ್ಕಲುತನದ ಮನೆ. ಹೊಲವೆಲ್ಲ ಮೈದುನನ ಕೈಯಲ್ಲಿತ್ತು. ಆಕೆಯ ಪಾಲಿಗೆ ಬಂದದ್ದು ಒಂದು ಖಿಲಾರಿ ಆಕಳು, ಅದನ್ನು ಕಟ್ಟುವ ದನದ ಮನೆ, ಅದರ ಮೂಲೆಯಲ್ಲಿ ಒಂದು ಒಲೆ. ಆ ದನದ ಮನೆ ದಾರಿಗೆ ಹತ್ತಿದ ಒಳ್ಳೆಯ ಜಾಗ. ಅದರ ಮೇಲೆ ಮೈದುನನ ಕಣ್ಣಿರುವುದು ಊರಿಗೆಲ್ಲ ಗೊತ್ತಿತ್ತು, ಆಕೆಗೂ ಗೊತ್ತಿತ್ತು.

ಮೊದಲ ದಿನ ನಾನು ಅಂಗಳಕ್ಕೆ ಕಾಲಿಟ್ಟಾಗ ಆಕೆ ಬೆನ್ನು ತಿರುಗಿಸಿ ಆಕಳ ಮೈ ತಿಕ್ಕುತ್ತಿದ್ದಳು.

“ಮಾಸ್ತರ್ರ, ಹಂಗ ಗಪ್ಪನ ಬರಬ್ಯಾಡ್ರಿ. ಕೆಮ್ಮಿ ಬರ್ರಿ. ಆಕಿ ಅಂಜತಾಳ.”

“ಯಾರು ಅಂಜತಾರವ್ವಾ?”

“ಮತ್ಯಾರ್ರೀ? ನಮ್ಮ ಗೌರಿ.”

ಅಂದಿನಿಂದ ನಾನು ಆ ಅಂಗಳಕ್ಕೆ ಕೆಮ್ಮದೆ ಹೋಗಲಿಲ್ಲ.

ಆಕೆ ಕುಳ್ಳಗೆ, ಗಟ್ಟಿಯಾಗಿ ಇದ್ದಳು. ಹಣೆಯ ಮೇಲೆ ವಿಭೂತಿ, ಕೈಗೆ ಯಾವಾಗಲೂ ಹಿಂಡಿಯ ವಾಸನೆ. ಎಳೆಗರುವನ್ನು ಮುಟ್ಟುವ ಮುನ್ನ ಅಂಗೈಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುವಳು. ಏಕೆಂದು ಕೇಳಿದರೆ, “ತಣ್ಣನ ಕೈ ಮೈಮ್ಯಾಲ ಬಿದ್ರ ನಿಮಗರೆ ಹಿತ ಅನಸತೈತೇನ್ರಿ?” ಎಂದು ನನ್ನನ್ನೇ ಕೇಳುವಳು. ಊರಿನಲ್ಲಿ ಯಾವ ಆಕಳು ಹಡೆಯಲು ಕಷ್ಟಪಟ್ಟರೂ ಆಕೆಗೆ ಕರೆ ಬರುತ್ತಿತ್ತು. ಮುಂಜಾನೆ ಎದುರಿಗೆ ಬಂದರೆ ಅಪಶಕುನವೆಂದು ಮುಖ ತಿರುಗಿಸುವವರೇ ತಮ್ಮ ಆಕಳಿಗೆ ಬೇನೆ ಬಂದಾಗ ಆಕೆಯ ಬಾಗಿಲಿಗೆ ಓಡಿ ಬರುತ್ತಿದ್ದರು. ಇದನ್ನು ನಾನು ಕಪಟವೆಂದು ಕರೆದೆ. ಆಕೆ ನಕ್ಕು, “ಇರಲಿ ಬಿಡ್ರಿ, ಆಕಳೇನ ಮಾಡೇತಿ ಪಾಪ,” ಎಂದು ಸೆರಗು ಕಟ್ಟಿಕೊಂಡು ಹೋದಳು.

ಶಕುನ, ಸುಳಿ, ಕಣ್ಣೆಸರುಗಳ ವಿರುದ್ಧ ನಾನು ಆ ದಿನಗಳಲ್ಲಿ ಸಿಕ್ಕ ಸಿಕ್ಕಲ್ಲಿ ಭಾಷಣ ಮಾಡುತ್ತಿದ್ದೆ. ಒಂದು ಸಂಜೆ ಆಕೆಯ ಅಂಗಳದಲ್ಲಿಯೇ ಬಹಳ ಹೊತ್ತು ಮಾತಾಡಿದೆ. ಆಕೆ ಆಕಳ ಕಿವಿಯೊಳಗಿನ ಉಣ್ಣಿ ಆರಿಸುತ್ತ ಕೇಳಿದಳು. ಮುಗಿದ ಮೇಲೆ, “ಛಲೋ ಹೇಳಿದ್ರಿ ಮಾಸ್ತರ್ರ. ಗೌರಿ ಮೆಲಕ ಹಾಕೂದ ಬಿಟ್ಟ ಕೇಳಿದ್ಲು ನೋಡ್ರಿ,” ಎಂದಳು. ಚೇಷ್ಟೆಯೋ ಮೆಚ್ಚುಗೆಯೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಆ ವರ್ಷದ ಕೊನೆಗೆ ಗೌರಿ ಒಂದು ಹೋರಿಗರುವನ್ನು ಹಾಕಿತು. ಮೈಯೆಲ್ಲ ಬಿಳಿ. ಮುಖ ಮಾತ್ರ ಹಣೆಯಿಂದ ಮೂಗಿನ ತುದಿಯವರೆಗೆ ಗೆರೆ ಕೊರೆದಂತೆ ಎರಡು ಭಾಗವಾಗಿತ್ತು: ಎಡಕ್ಕೆ ಕಾಡಿಗೆಯಂಥ ಕಪ್ಪು, ಬಲಕ್ಕೆ ಬಿಳಿ. ಬಿಸಿಲೇರುವುದರೊಳಗೆ ಅಂಗಳ ತುಂಬಿತು.

“ಯವ್ವಾ, ಒಂದ ಕರಕ್ಕ ಎರಡು ಮಾರಿ!” ಎಂದು ನೆರೆಮನೆಯವಳು ಗದ್ದದ ಮೇಲೆ ಕೈಯಿಟ್ಟಳು.

“ಗ್ರಹಣದಾಗ ಆಕಳನ್ನ ಹೊರಗ ಕಟ್ಟಿದ್ಲೋ ಏನೋ,” ಎಂದಳು ಇನ್ನೊಬ್ಬಳು.

ಮೈದುನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಹೇಳಿದ: “ಬರಿಗೈ ಹೆಂಗಸು ದಿನಾ ಎದ್ದು ಮಾರಿ ತೋರಿಸಿದ್ರ ಮತ್ತೇನ ಹುಟ್ಟತೈತಿ? ಬಂಗಾರದ ಕರ ಹುಟ್ಟತೈತೇನು?”

ಆಕೆ ಅಂಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಕರುವಿನ ಬೆನ್ನು ಒರೆಸುತ್ತ, ತಲೆ ಎತ್ತದೆ ಉತ್ತರ ಕೊಟ್ಟಳು: “ಖರೆ ಐತಿ ತಮ್ಮಾ. ಆದ್ರ ಗೌರಿಗೆ ಬಿಟ್ಟಿದ್ದು ನಿನ್ನ ಹೋರಿನ. ಅದು ಯಾರ ಮಾರಿ ನೋಡಿ ಎದ್ದಿತ್ತು, ಒಮ್ಮೆ ಕೇಳ್ಕೊಂಡ ಬಾ ಹೋಗು.”

ಅಂಗಳವೆಲ್ಲ ನಕ್ಕಿತು. ಮೈದುನ ನಗಲಿಲ್ಲ. ಆ ನಗೆಯನ್ನು ಅವನು ಮರೆಯಲೂ ಇಲ್ಲ.

ಮುಂದಿನ ಸೂಲಿಗೆ ಮತ್ತೊಂದು ಹೋರಿಗರು ಹುಟ್ಟಿತು. ಅದಕ್ಕೆ ಬಲಕ್ಕೆ ಕಪ್ಪು, ಎಡಕ್ಕೆ ಬಿಳಿ. ಎರಡನ್ನೂ ಅಕ್ಕಪಕ್ಕ ಕಟ್ಟಿದರೆ ಬಿಳಿಯ ಭಾಗಗಳು ಒಳಗೆ ಕೂಡಿ, ಕಪ್ಪು ಭಾಗಗಳು ಹೊರಗೆ ಉಳಿದು, ನೋಡುವವನಿಗೆ ಎರಡು ದನಗಳ ಮುಖವೆಲ್ಲ ಸೇರಿ ಒಂದೇ ದೊಡ್ಡ ಮುಖವಾಗಿ ಕಾಣುತ್ತಿತ್ತು. ಆಕೆಗೆ ಅದು ಎಷ್ಟು ಹಿಗ್ಗು! “ನೋಡ್ರಿ ಮಾಸ್ತರ್ರ, ಒಬ್ಬನ ಅರ್ಧ ಇನ್ನೊಬ್ಬನ ಹತ್ತರ ಐತಿ. ಇವರನ್ನ ಅಗಲಿಸಬಾರದು,” ಎನ್ನುವಳು. ಜನ ಆಡಿಕೊಳ್ಳುತ್ತಾರಲ್ಲ ಎಂದು ನಾನೆಂದರೆ, “ದನಕ್ಕ ಕನ್ನಡಿ ಇಲ್ಲರಿ. ಅದಕ್ಕ ಅವು ಸುಖದಾಗದಾವು,” ಎಂಬುದು ಆಕೆಯ ಮಾತು.

ಹೋರಿಗಳು ಬೆಳೆದವು. ಒಂದು ಕಾರಹುಣ್ಣಿಮೆಯಂದು ದೊಡ್ಡ ಹೋರಿ ಹಗ್ಗ ಬಿಚ್ಚಿಕೊಂಡು ಓಡಿ, ಕರಿ ಹರಿಯಲು ಸಿಂಗರಿಸಿ ತಂದಿದ್ದ ಗೌಡರ ಎತ್ತುಗಳನ್ನೆಲ್ಲ ಹಿಂದೆ ಹಾಕಿ, ಅಗಸೆಬಾಗಿಲಿಗೆ ಕಟ್ಟಿದ ಹಗ್ಗವನ್ನು ತಾನೇ ಮೊದಲು ಹರಿಯಿತು. ಯಾವ ಬಣ್ಣದ ಎತ್ತು ಮುಂದೆ ಬರುವುದೋ ಆ ಬಣ್ಣದ ಧಾನ್ಯ ಆ ವರ್ಷ ಚೆನ್ನಾಗಿ ಬರುವುದೆಂಬ ನಂಬಿಕೆ. ಊರ ಹಿರಿಯರು ಹೋರಿಯ ಮುಖ ನೋಡಿ ಕಕ್ಕಾಬಿಕ್ಕಿಯಾದರು.

“ಈಗ ಏನ ಬಿತ್ತೂದೋ? ಬಿಳಿಜ್ವಾಳನೋ ಕರಿಎಳ್ಳೋ?”

ಹೆಂಗಸರ ಗುಂಪಿನಿಂದ ಆಕೆಯ ದನಿ ಬಂತು: “ರೊಟ್ಟಿಗೆ ಎಳ್ಳ ಹಚ್ಚಿ ತಿನ್ನಾಕ ಬಾಯಿ ಐತಿ, ಎರಡೂ ಬಿತ್ತಾಕ ಹೊಲ ಇಲ್ಲೇನ್ರಿ?”

ಅಂದು ಊರು ನಕ್ಕು ಸುಮ್ಮನಾಯಿತು. ಆದರೆ ಆ ವರ್ಷವೇ ಊರಿನ ಒಂದು ದೊಡ್ಡ ಮನೆ ಒಡೆದು ಅಣ್ಣತಮ್ಮಂದಿರು ಪಾಲಾದರು. ಬಾವಿಯ ಪಾಳಿಗಾಗಿ ಅವರು ದಿನವೂ ಬಡಿದಾಡುತ್ತಿದ್ದುದನ್ನು ನಾವೆಲ್ಲ ಕಂಡಿದ್ದೆವು. ಆದರೂ ಕಿತ್ತೂರು ಕಡೆಯಿಂದ ಬರುತ್ತಿದ್ದ ಒಬ್ಬ ದನದ ದಲಾಲ, ಸುಳಿ ನೋಡಿ ಲಕ್ಷಣ ಹೇಳುವುದರಲ್ಲಿ ಹೆಸರಾದವನು, ಆ ಹೋರಿಗಳನ್ನು ನೋಡಿ, “ಎರಡು ಮಾರಿ ದನ ಮನಿ ಎರಡು ಮಾಡತೈತಿ,” ಎಂದುಬಿಟ್ಟ. ಕೂಡಿ ಬಾಳುವ ಒಕ್ಕಲು ಮನೆಗಳಲ್ಲಿ ಇದಕ್ಕಿಂತ ಅಂಜಿಕೆಯ ಮಾತಿಲ್ಲ. ಬಸವಣ್ಣನೆಂದು ಎತ್ತಿನ ಕೊರಳಿಗೆ ಹೂವು ಹಾಕಿ ಕೈಮುಗಿಯುವ ಜನ ಅದೇ ಎತ್ತಿನ ಮುಖಕ್ಕೆ ತಮ್ಮ ಜಗಳದ ಪಾಪವನ್ನು ಕಟ್ಟಿದರು.

ಸಂಕ್ರಾಂತಿ ಕಳೆದ ಮೇಲೆ ಮೈದುನನ ಒತ್ತಾಯದಿಂದ ಪಂಚರು ಕೂಡಿದರು. ಕಾರಹುಣ್ಣಿಮೆಯೊಳಗೆ ಆಕೆ ಆ ಜೋಡಿಯನ್ನು ಪರಊರಿಗೆ ಮಾರಬೇಕು. ಮಾರಿದರೆ ಆಕಳೂ ದನದ ಮನೆಯೂ ಆಕೆಗೇ ಉಳಿಯುವವು. ಮಾರದಿದ್ದರೆ ಅಂಥ ಕರುಗಳನ್ನು ಹಡೆಯುವ ಆಕಳನ್ನು ಯಲ್ಲಮ್ಮನ ಗುಡ್ಡಕ್ಕೆ ಒಯ್ದು ಬಿಟ್ಟುಬರಬೇಕು; ದನದ ಮನೆ, ಹೋರಿಗಳು ಮೈದುನನಿಗೆ, ಆಕೆಗೆ ಅವನ ಮನೆಯ ಪಡಸಾಲೆಯಲ್ಲಿ ಊಟ. ಇದು ತೀರ್ಪು. ತಾಯಿಯ ಹೊಟ್ಟೆಯನ್ನೇ ತಪ್ಪಿತಸ್ಥ ಮಾಡಿದ ಈ ತೀರ್ಪನ್ನು ನಾನು ಅಲ್ಲಿಯೇ ಎದ್ದು ನಿಂತು ಅನ್ಯಾಯವೆಂದೆ. “ಮಾಸ್ತರ್ರ, ನೀವು ಹುಡುಗೂರಿಗೆ ಮಗ್ಗಿ ಕಲಸರಿ,” ಎಂದು ಹಿರಿಯ ಪಂಚ ಕೈಸನ್ನೆಯಿಂದ ಕುಳ್ಳಿರಿಸಿದ.

ಆಕೆ ಕಂಬದ ಮರೆಯಿಂದ ಒಂದೇ ಮಾತು ಕೇಳಿದಳು: “ಸಂತಿಗೆ ನಾ ಹೋಗಿ ಮಾರಲೇನ್ರಿ?”

“ಹೋಗು, ಯಾರ ಬ್ಯಾಡಂತಾರ? ಆದ್ರ ವಸ್ತ್ರದಾಗ ಕೈ ನೀ ಇಡಾಕ ಬರತೈತೇನು? ನಿನ್ನ ಮೈದುನ ಇಡತಾನ.”

ನಮ್ಮ ದನದ ಸಂತೆಗಳ ವ್ಯಾಪಾರವನ್ನು ಅರಿಯದವರಿಗಾಗಿ ಹೇಳುತ್ತೇನೆ. ಬೆಲೆಯನ್ನು ಯಾರೂ ಬಾಯಿಂದ ಆಡುವುದಿಲ್ಲ. ದಲಾಲ ತನ್ನ ಹೆಗಲ ವಸ್ತ್ರವನ್ನು ಕೈಗಳ ಮೇಲೆ ಹೊದಿಸುತ್ತಾನೆ; ಅದರ ಕೆಳಗೆ ಕೊಳ್ಳುವವನ ಬೆರಳು ಹಿಡಿದು ಬೆಲೆ ಕೇಳುತ್ತಾನೆ, ಮಾರುವವನ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ. ಇಷ್ಟು ಬೆರಳು ಹಿಡಿದರೆ ಇಷ್ಟು, ಮಡಚಿದರೆ ಇಷ್ಟು ಕಡಿಮೆ. ವಸ್ತ್ರದ ಕೆಳಗೆ ನಡೆದದ್ದನ್ನು ಮೂರನೆಯವನು ಕೇಳಬಾರದು, ಬಲ್ಲವನು ಹೇಳಬಾರದು. ಪರಪುರುಷನ ಕೈ ಹಿಡಿಯಲಾರದ ಹೆಂಗಸು ತನ್ನ ದನದ ಬೆಲೆಯನ್ನು ತಾನು ಕೇಳಲೂ ಆಗದು, ಹೇಳಲೂ ಆಗದು. ಸಾಕಿದ ಕೈ ಆಕೆಯದು. ವಸ್ತ್ರದ ಕೆಳಗಿನ ಕೈ ಮಾತ್ರ ಇನ್ನೊಬ್ಬನದು. ಮಾರದೆ ಹೋದರೆ ಯಾರಿಗೆ ದನದ ಮನೆ ಸಿಕ್ಕುವುದೋ ಅವನ ಕೈಯನ್ನೇ ಪಂಚರು ಆರಿಸಿಕೊಟ್ಟರು.

ಮೊದಲು ಯರಗಟ್ಟಿಯ ಸಂತೆ. ಅಲ್ಲಿ ವಸ್ತ್ರ ಹೆಗಲಿನಿಂದ ಇಳಿಯಲೇ ಇಲ್ಲ. ನಮ್ಮ ಊರಿನ ಮಾತು ಹೋರಿಗಳಿಗಿಂತ ಮೊದಲೇ ಅಲ್ಲಿಗೆ ಹೋಗಿ ಕುಳಿತಿತ್ತು. ಬಂದವರು ಹೋರಿಗಳ ಬಾಯಿ ತೆರೆದು ಹಲ್ಲು ನೋಡಿದರು, ಗೊರಸು ನೋಡಿದರು, ತಲೆದೂಗಿದರು, ಮುಖ ನೋಡಿ ಹಿಂದೆ ಸರಿದರು. “ಒಂದ ಎತ್ತಿಗೆ ಎರಡು ಎತ್ತಿನ ರೊಕ್ಕ ಕೇಳತಿಯೇನಬೇ?” ಎಂದು ಒಬ್ಬ ಪೋರ ನಗೆಯಾಡಿದ. “ನಿನ್ನ ಅರ್ಧ ಬುದ್ಧಿಗೆ ಅರ್ಧನ ಕೊಡು,” ಎಂದಳು ಆಕೆ. ಬಾಯಿ ಇನ್ನೂ ಸೋತಿರಲಿಲ್ಲ.

ಬೈಲಹೊಂಗಲದ ಸಂತೆಗೆ ಸಾಲೆಯ ಸೂಟಿ ಇದ್ದುದರಿಂದ ನಾನೂ ಜೊತೆಗೆ ಹೋದೆ. ಅಲ್ಲಿ ರಾಮದುರ್ಗದ ಕಡೆಯ ಒಬ್ಬ ಒಕ್ಕಲಿಗ ಬಂದ. ಎತ್ತರದ ಆಳು, ಕೆಂಪು ರುಮಾಲು, ನಿಧಾನದ ಮಾತು. ಹೋರಿಗಳನ್ನು ಕಲ್ಲು ಹೇರಿದ ಒಂದು ಚಕ್ಕಡಿಗೆ ಕಟ್ಟಿಸಿ, ಎರೆಮಣ್ಣಿನ ಇಳಿಜಾರಿನಲ್ಲಿ ಜಗ್ಗಿಸಿ ನೋಡಿದ. ಅವು ತಲೆ ಬಗ್ಗಿಸಿ, ಒಂದೇ ಹೆಜ್ಜೆಯಲ್ಲಿ, ಉಸಿರು ಬಿಗಿಹಿಡಿದು ಎಳೆದವು.

ಆಕೆ ಮೆಲ್ಲಗೆ, “ಮಾರಿ ಹಿಂಗೈತಿ ನೋಡ್ರೆಪಾ, ಆಮ್ಯಾಲ ಅನಬ್ಯಾಡ್ರಿ,” ಎಂದಳು. ಮುಚ್ಚಿಡುವುದು ಆಕೆಗೆ ತಿಳಿಯದು.

ಅವನು ನಕ್ಕ. “ಹೊಲ ಊಳುವಾಗ ನಾ ನೋಡೂದು ಎತ್ತಿನ ಬೆನ್ನ ಯವ್ವಾ. ಮಾರಿ ಬೇಕಂದ್ರ ಹಕ್ಕಿ ನೋಡಕೋತಾವು.”

ಆಗ ಆಕೆಯ ಮುಖ ಅರಳಿತು; ಹಾಗೆ ಅರಳಿದ್ದನ್ನು ನಾನು ಹಿಂದೆ ಒಮ್ಮೆ ಮಾತ್ರ ಕಂಡಿದ್ದೆ, ಎರಡನೆಯ ಕರು ಹುಟ್ಟಿದಂದು. ಆಕೆ ಪದ್ಧತಿಯಂತೆ ದೂರ ಹೋಗಿ ಬೇವಿನ ಮರದ ಕೆಳಗೆ ನಿಂತಳು. ಅದೇ ಕಿತ್ತೂರು ಕಡೆಯ ದಲಾಲ ವಸ್ತ್ರ ಹಾಸಿದ. ಒಂದು ಕಡೆ ಆ ಒಕ್ಕಲಿಗನ ಕೈ, ಮತ್ತೊಂದು ಕಡೆ ಮೈದುನನ ಕೈ. ಆಕೆ ಮರದ ಬುಡದಿಂದ ವಸ್ತ್ರದ ಅಲುಗಾಟವನ್ನು ನೋಡುತ್ತಿದ್ದಳು. ಒಕ್ಕಲಿಗನ ಮುಖದಲ್ಲಿ ಮೊದಲು ನಗೆಯಿತ್ತು. ಆಮೇಲೆ ಹುಬ್ಬು ಮೇಲೇರಿತು. ಬಹಳ ಹೊತ್ತಿನ ಮೇಲೆ ಅವನು ಕೈ ಹೊರಗೆ ತೆಗೆದು, ತಲೆ ಅಲ್ಲಾಡಿಸಿ, ಹೋರಿಗಳನ್ನು ಮತ್ತೊಮ್ಮೆ ತಿರುಗಿ ನೋಡಿ ಹೊರಟುಹೋದ.

“ಒಲ್ಲೆ ಅಂದ್ರು ವೈನಿ,” ಎಂದ ಮೈದುನ ಬಂದು. “ಮಾರಿಗೆ ಅಂಜಿದ್ರು.”

“ಬೆನ್ನ ನೋಡತೇನಿ ಅಂದಿದ್ರಲ್ಲ ತಮ್ಮಾ?”

“ಬಾಯಿಲೆ ಅಂತಾರ. ಕೈಯಾಗ ಬ್ಯಾರೇನ ಹೇಳತಾರ.”

ನಾನು ದಲಾಲನನ್ನು ಕೇಳಿದೆ. ಅವನು ವಸ್ತ್ರವನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, “ನಿಮ್ಮ ಸಾಲ್ಯಾಗಿನ ಮಾತ ನಾ ಕೇಳತೇನೇನ್ರಿ ಮಾಸ್ತರ್ರ? ವಸ್ತ್ರದಾಗಿನ ಮಾತ ನೀವು ಕೇಳಬ್ಯಾಡ್ರಿ,” ಎಂದ.

ಮರಳುವಾಗ ಹಳ್ಳದಲ್ಲಿ ಹೋರಿಗಳನ್ನು ನೀರಿಗೆ ಬಿಟ್ಟೆವು. ನೀರು ತಿಳಿಯಾಗಿ ನಿಂತಿತ್ತು. ಹೋರಿಗಳು ಬಗ್ಗುವ ಮೊದಲೇ ಆಕೆ ಮುಂದೆ ಹೋಗಿ ಕೈಯಿಂದ ನೀರನ್ನು ಕಲಕಿದಳು. ಏಕೆ ದೊಡ್ಡವ್ವ ಎಂದರೆ, “ಕಸ ಇತ್ರಿ,” ಎಂದಳು. ಕಸವಿರಲಿಲ್ಲ. ದನಕ್ಕೆ ಕನ್ನಡಿಯಿಲ್ಲ ಎಂದು ಸುಖಪಟ್ಟವಳು ಅಂದು ಮೊದಲ ಬಾರಿಗೆ ತನ್ನ ಹೋರಿಗಳ ಮುಖವನ್ನು ಊರಿನ ಕಣ್ಣಿನಿಂದ ನೋಡಿದಳು. ಬಡವರಿಗೆ ಆಗುವ ಅನ್ಯಾಯಗಳಲ್ಲಿ ಇದು ಎಲ್ಲಕ್ಕಿಂತ ಕೆಟ್ಟದ್ದೆಂದು ನಾನು ತಿಳಿದಿದ್ದೇನೆ: ಸುಳ್ಳು ಹೇಳಿದವನು ಮರೆಯುತ್ತಾನೆ, ಕೇಳಿದವಳು ಅದನ್ನು ನಂಬಿ ತನ್ನದೆಂದು ಹೊತ್ತುಕೊಳ್ಳುತ್ತಾಳೆ.

ಇನ್ನು ಉಳಿದದ್ದು ಸವದತ್ತಿಯ ಸಂತೆ. ಬೇಸಿಗೆಯ ಸೂಟಿಗೆ ನಾನು ನನ್ನ ಊರಿಗೆ ಹೋಗಿದ್ದೆ. ಆ ದಿನಗಳಲ್ಲಿ ದಲಾಲ ಬಂದು ಉಪಾಯ ಹೇಳಿಕೊಟ್ಟನಂತೆ: ಮುಖದ ಬಿಳಿಯ ಭಾಗಕ್ಕೆ ಕೇರಿನ ಎಣ್ಣೆ ಹಚ್ಚಿದರೆ ಕಪ್ಪಾಗುತ್ತದೆ, ಎಲ್ಲ ಒಂದೇ ಬಣ್ಣ, ಯಾರೂ ಅಂಜುವುದಿಲ್ಲ. ಅಗಸರು ಅರಿವೆಗೆ ಅಳಿಸದ ಗುರುತು ಹಾಕುವ ಬೀಜ ಅದು. ಚರ್ಮಕ್ಕೆ ತಾಗಿದರೆ ಸುಡುತ್ತದೆಂದು ಆಕೆಗೂ ಗೊತ್ತಿತ್ತು. ಆದುದರಿಂದ ಔಡಲೆಣ್ಣೆ ಬೆರೆಸಿ, ಬೇರೆ ಯಾರ ಕೈಗೂ ಕೊಡದೆ, ಅಂಗೈಯನ್ನು ಹೊಟ್ಟೆಗೆ ಒತ್ತಿ ಬೆಚ್ಚಗೆ ಮಾಡಿಕೊಂಡು, ತಾನೇ ಹಚ್ಚಿದಳು. ನೆರೆಮನೆಯವಳು ನನಗೆ ಇದನ್ನು ಹೇಳುವಾಗ ಅತ್ತಳು. “ಹಚ್ಚೂಮುಂದ ಆಕಿ ಅವಕ್ಕ ಮಾತಾಡಕೋತ ಇದ್ಲರಿ. ತಡಕೋ ನನ್ನಪ್ಪಾ, ಇಷ್ಟ ತಡದ್ರ ನಿಮ್ಮವ್ವ ಮನ್ಯಾಗ ಉಳೀತಾಳ ಅಂತಿದ್ಲು.”

ಕೇರು ಔಡಲೆಣ್ಣೆಯ ಮಾತನ್ನು ಕೇಳಲಿಲ್ಲ. ಚರ್ಮ ಬೊಬ್ಬೆ ಎದ್ದು ಸುಲಿಯಿತು. ಸಣ್ಣ ಹೋರಿ ಮುಖವನ್ನು ಮೇವಿನ ಗೋದಲಿಗೆ ತಿಕ್ಕಿ ತಿಕ್ಕಿ ಎಣ್ಣೆಯನ್ನು ಕಣ್ಣಿಗಿಳಿಸಿಕೊಂಡಿತು.

ಸೂಟಿ ಮುಗಿಸಿ ಬರುವಾಗ ನಾನು ನೇರವಾಗಿ ಸವದತ್ತಿಯ ಸಂತೆಗೇ ಹೋದೆ. ಹೋರಿಗಳನ್ನು ನೋಡಿ ಗುರುತು ಹಿಡಿಯಲಿಲ್ಲ. ದೊಡ್ಡದರ ಮುಖದ ಅರ್ಧ ಹಸಿ ಗಾಯ. ಸಣ್ಣದರ ಎಡಗಣ್ಣು ಮುಚ್ಚಿ ಕೀವು ಸೋರುತ್ತಿತ್ತು. ಆಕೆ ಸೆರಗಿನಿಂದ ನೊಣ ಹೊಡೆಯುತ್ತಿದ್ದಳು. ಆಕೆಯ ಬಲಗೈ ಅಂಗೈ ಕಪ್ಪಾಗಿ ಒಡೆದಿತ್ತು. ಬಂದವರು ದೂರದಿಂದಲೇ ಹೋಗುತ್ತಿದ್ದರು. ಹಿಂದಿನ ಮುಖ ಅವರಿಗೆ ವಿಚಿತ್ರವಾಗಿತ್ತು. ಈ ಮುಖ ರೋಗವಾಗಿತ್ತು.

ಮಧ್ಯಾಹ್ನಕ್ಕೆ ಕೆಂಪು ರುಮಾಲಿನ ಆ ಒಕ್ಕಲಿಗ ಗುಂಪು ಸೀಳಿಕೊಂಡು ಬಂದ. ಅವನ ಹೆಗಲ ಮೇಲೆ ಕೆಂಪು ಗೊಂಡೆ ಕಟ್ಟಿದ ಎರಡು ಹೊಸ ಹಗ್ಗಗಳಿದ್ದವು. ನಮ್ಮಲ್ಲಿ ಮಾರಿದ ದನದ ಜೊತೆಗೆ ಹಳೆಯ ಹಗ್ಗ ಕೊಡುವುದಿಲ್ಲ. ಕೊಳ್ಳುವವನು ತನ್ನ ಹಗ್ಗ ತರಬೇಕು. ಅವನು ಕೊಳ್ಳಲೆಂದೇ ಬಂದಿದ್ದ.

“ಯವ್ವಾ, ಇವು ಅವ ಹೋರಿ ಏನು? ಏನ ಮಾಡಿದ್ರಿ ಇವಕ್ಕ?”

“ನಿಮಗ ಮಾರಿ ಅಂಜಿಕಿ ಬಂತಲ್ಲಪಾ. ಅದಕ್ಕ ಅಳಿಸಿದ್ನಿ.”

“ನನಗ ಅಂಜಿಕಿ? ಯಾರಂದ್ರು? ನನಗ ಸೇರಿದ್ದ ಆ ಮಾರಿ! ಮೊಮ್ಮಕ್ಕಳಿಗೆ ತೋರಸಬೇಕಂತ ಇದ್ನಿ.” ಅವನು ಮೈದುನನ ಕಡೆಗೆ ಬೆರಳು ಮಾಡಿದ. “ಇವರು ಕೇಳಿದ ಬೆಲಿಗೆ ಆನಿ ಬರತಿತ್ತವ್ವಾ. ನಾ ಏರಿಸಿದ್ನಿ, ಮತ್ತ ಏರಿಸಿದ್ನಿ. ಇವರು ಒಂದ ಬೆರಳ ಮಡಚಲಿಲ್ಲ. ಸಾಕಾಗಿ ಕೈ ತಗದ್ನಿ. ಮನ್ಯಾಗ ಕುಂತ್ರೂ ಆ ಜೋಡಿ ಕಣ್ಣ ಮುಂದಿಂದ ಹೋಗಲಿಲ್ಲ, ಅದಕ್ಕ ಮತ್ತ ಬಂದೇನಿ.”

ಆಕೆ ಮೈದುನನನ್ನು ನೋಡಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡಳು. ಆಮೇಲೆ ಬಹಳ ಮೆಲ್ಲಗೆ, “ಈಗರೆ ಒಯ್ತೀರೇನಪಾ?” ಎಂದಳು.

ಒಕ್ಕಲಿಗ ಸಣ್ಣ ಹೋರಿಯ ರೆಪ್ಪೆಯನ್ನು ಬಿಡಿಸಿ ನೋಡಿದ. ಕಣ್ಣಗುಡ್ಡೆ ಸುಣ್ಣದಂತಾಗಿತ್ತು. “ಕಣ್ಣಿಲ್ಲದ್ದನ್ನ ಗಳೇಕ್ಕ ಹ್ಯಾಂಗ ಕಟ್ಟಲಿ ಯವ್ವಾ? ಒಂದನ್ನ ಒಯ್ಯಲೇನು?”

ಆಕೆ ತಲೆಯಾಡಿಸಿದಳು. ಅಗಲಿಸಬಾರದೆಂಬ ಮಾತನ್ನು ಆಗಲೂ ಆಕೆ ಬಿಡಲಿಲ್ಲ.

ಮೈದುನ ನಾಚಿ ತಲೆ ತಗ್ಗಿಸಿದನೆಂದು ಓದುಗರು ತಿಳಿದಾರು. ಅವನು ಆ ಒಕ್ಕಲಿಗನ ಎದೆಗೆ ಎದೆ ಕೊಟ್ಟು, “ಏ ಗೌಡಾ, ವಸ್ತ್ರದಾಗಿನ ಮಾತ ಹೊರಗ ಆಡತಿಯೇನು? ಸಂತಿ ರೀತಿ ಗೊತ್ತಿಲ್ಲೇನು ನಿನಗ?” ಎಂದು ಗದರಿಸಿದ. ಸುತ್ತಲಿನ ಜನ ಏನೆಂದರು? “ಖರೆ, ಅಂವ ಆಡಬಾರದಾಗಿತ್ತು,” ಎಂದರು. ವಂಚಿಸಿದ ಕೈ ಯಾರಿಗೂ ತಪ್ಪಾಗಿ ಕಾಣಲಿಲ್ಲ. ಸತ್ಯ ಆಡಿದ ಬಾಯಿ ತಪ್ಪಾಗಿ ಕಂಡಿತು. ಆ ದಲಾಲ ಅಲ್ಲಿಯೇ ಇದ್ದ. ಅವನ ಬೆರಳುಗಳಿಗೆ ಎಲ್ಲವೂ ಗೊತ್ತಿತ್ತು. ಅವನು ಬೇರೊಂದು ಎತ್ತಿನ ಬಾಲ ಎತ್ತಿ ನೋಡುತ್ತಿದ್ದ.

ಪಂಚರ ಮುಂದೆ ನಾನು ಇದನ್ನೆಲ್ಲ ಇಟ್ಟೆ. ವಸ್ತ್ರದೊಳಗಿನ ಮಾತು ಸಾಕ್ಷಿಯಾಗದು ಎಂದರು. ಕಾರಹುಣ್ಣಿಮೆ ಬಂತು. ಆಕೆ ಗೌರಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ತಾನೇ ಹಗ್ಗ ಹಿಡಿದು ಗುಡ್ಡದವರೆಗೆ ನಡೆದಳು, ಬರುವಾಗ ಹಗ್ಗವನ್ನಷ್ಟೇ ತಂದಳು. ಆ ಆಕಳು ಏನಾಯಿತೋ ತಿಳಿಯದು.

ಮುಂದಿನದು ಕೇಳಿರಿ. ಮನೆ ಎರಡು ಮಾಡುವವೆಂದು ಊರು ಹೆದರಿದ ಆ ಹೋರಿಗಳನ್ನು ಮೈದುನ ತನ್ನ ಹೊಲಕ್ಕೇ ಹೂಡಿದ. ಕಣ್ಣಿದ್ದದ್ದು ಕಣ್ಣಿಲ್ಲದ ಬದಿಯನ್ನು ತನ್ನ ಮೈಯಿಂದ ಒತ್ತಿ ನಡೆಸುತ್ತಿತ್ತು. ಒಬ್ಬನ ಅರ್ಧ ಇನ್ನೊಬ್ಬನ ಹತ್ತಿರ ಇದೆ ಎಂದು ಆಕೆ ಹೇಳಿದ್ದು ಹೀಗೆ ನಿಜವಾಯಿತು. ವರ್ಷಗಟ್ಟಲೆ ದುಡಿದವು. ಅವನ ಮನೆ ಒಡೆಯಲಿಲ್ಲ, ಪಂಚರೂ ಏನೂ ಕೇಳಲಿಲ್ಲ.

ಆಕೆ ಪಡಸಾಲೆಯಲ್ಲಿ ಉಳಿದಳು. ಚೇಷ್ಟೆಯ ಮಾತು ನಿಂತಿತು. ಆಮೇಲೆಯೂ ಊರಿನ ಆಕಳುಗಳಿಗೆ ಬೇನೆ ಬಂದಾಗ ಜನ ಓಡಿ ಬಂದರು, ನಾಚಿಕೆಯಿಲ್ಲದ ಜನ. ಆಕೆ ಹೋಗುತ್ತಿದ್ದಳು, ಆದರೆ ಹೊಸ್ತಿಲ ಹೊರಗೆ ನಿಂತು, ಹೀಗೆ ಹಿಡಿರಿ, ಹಾಗೆ ಜಗ್ಗಿರಿ ಎಂದು ಬಾಯಿಂದ ಹೇಳುವಳು. ಬಲಗೈ ಸೆರಗಿನೊಳಗೆ ಇರುತ್ತಿತ್ತು. ಒಮ್ಮೆ ನಾನು, ತಪ್ಪು ನಿಮ್ಮ ಕೈಯದಲ್ಲ ದೊಡ್ಡವ್ವಾ ಎಂದೆ. “ಮಾಸ್ತರ್ರ, ಸುಳ್ಳ ಅವನ ಕೈ ಹೇಳಿತು, ಖರೆ. ಆದ್ರ ಹಚ್ಚಿದ್ದು ಈ ಕೈ ರೀ,” ಎಂದಳು.

ಮುಂದೆ ನನಗೆ ಬೇರೆ ಊರಿಗೆ ವರ್ಗವಾಯಿತು. ಆಕೆ ತೀರಿದ ಸುದ್ದಿ ಕೇಳಿ ಹೋದೆ. ಅಂಗಳದಲ್ಲಿ ಮೈದುನನ ಹೊಸ ಗೋಡೆ ಎದ್ದಿತ್ತು, ದನದ ಮನೆಯ ಜಾಗದಲ್ಲಿ ಹತ್ತಿಯ ಅಂಡಿಗೆಗಳು. ಕಾಲಿಡುವ ಮುನ್ನ ಅಭ್ಯಾಸದಂತೆ ಕೆಮ್ಮಿದೆ. ಅಂಜುವವರು ಯಾರೂ ಇರಲಿಲ್ಲ. ಪಡಸಾಲೆಯಲ್ಲಿ ಆಕೆ ಮಲಗುತ್ತಿದ್ದ ಕಡೆ ಗೂಟಕ್ಕೆ ಗೌರಿಯ ಹಗ್ಗ ಇನ್ನೂ ತೂಗುತ್ತಿತ್ತು. ಎಣ್ಣೆ ಹಚ್ಚಿ ಮೃದುವಾಗಿ ಇಟ್ಟಿದ್ದಳು.

ಬೈಲಹೊಂಗಲ, ಸವದತ್ತಿ, ಯರಗಟ್ಟಿ, ರಾಮದುರ್ಗ, ಕಿತ್ತೂರು, ಈ ಭಾಗದ ದನದ ಸಂತೆಗಳನ್ನು ನಡೆಸುವ ಹಿರಿಯರೇ, ದಲಾಲರೇ, ನಿಮಗೆ ಈ ಮಾತು. ಸುಳಿ, ಲಕ್ಷಣಗಳ ನಂಬಿಕೆ ಒಂದೇ ದಿನದಲ್ಲಿ ಹೋಗದೆಂದು ಬಲ್ಲೆ. ಅದಕ್ಕಾಗಿ ಹೋರಾಟ ಬೇರೆಯಾಗಿ ನಡೆದೇ ಇದೆ. ನಾಳಿನ ಸಂತೆಯಲ್ಲಿಯೇ ನೀವು ಮಾಡಬಹುದಾದದ್ದನ್ನು ಕೇಳುತ್ತೇನೆ. ದನದ ಒಡತಿ ಹೆಂಗಸಾಗಿದ್ದರೆ ಅಲ್ಲಿ ವಸ್ತ್ರ ಹಾಕಕೂಡದು. ಅವಳನ್ನು ಮರದ ಬುಡಕ್ಕೆ ಕಳಿಸಕೂಡದು. ಕೊಳ್ಳುವವನು ಬೆಲೆಯನ್ನು ಅವಳೆದುರಿಗೆ ಬಾಯಿಬಿಟ್ಟು ಹೇಳಲಿ. ಒಪ್ಪಿದೆನೆಂದೋ ಒಲ್ಲೆನೆಂದೋ ಅವಳೇ ಬಾಯಿಬಿಟ್ಟು ಹೇಳಲಿ. ನಿಮ್ಮ ವಸ್ತ್ರ ಅಷ್ಟು ಹೊತ್ತು ನಿಮ್ಮ ಹೆಗಲ ಮೇಲೆಯೇ ಇರಲಿ. ಬೆವರು ಒರೆಸಿಕೊಳ್ಳಿರಿ.